ಜ್ವಾಳದ ಕಣ್ಣು

ನವನಗರದಾಗ ಮಣ್ಣು ಸಿಗೂದಿಲ್ಲ.
ಮೊರಮು ಸಿಗತೈತಿ, ಎಂ-ಸ್ಯಾಂಡ್ ಸಿಗತೈತಿ,
ಸರ್ಕಲ್ಲಿನ ತಳ್ಳುಗಾಡಿ ಮ್ಯಾಲೆ ಪ್ಲಾಸ್ಟರಿನ ಎತ್ತು
ಜೋಡಿಗೆ ಅರವತ್ತು ರೂಪಾಯಿಗೆ ಸಿಗತಾವು:
ಬಂಗಾರದ ಕೋಡು, ಕಾಡಿಗಿ ತೀಡಿದ ಕಣ್ಣು.
"ಇವು ನೊಗ ಹೊತ್ತ ಎತ್ತಲ್ಲವ್ವಾ,
ಮದುವಿಗೆ ಹೊಂಟ ಎತ್ತು" ಅಂದ್ಲು ಸಾವಂತ್ರಿ.
ಗಾಡಿಯಾಂವ ನಕ್ಕ. ನಾ ರೊಕ್ಕ ತಿರುಗಿ ಚೀಲಕ್ಕ ಹಾಕಿದೆ.

ಅಮಾಸಿ ಮುಂದ ಹಿನ್ನೀರು ಹಿಂದ ಸರದಿರತೈತಿ.
ಒಂದು ಸ್ಕೂಟಿ, ಮೂರು ಹುಡುಗರು, ಒಂದು ಬಕೆಟ್ಟು.
ಮುಂದ ನಿಂತಾಂವ ಪರಸ್ಯಾ,
ಹಿಂದ ಸಾವಂತ್ರಿ, ಅಕಿ ಬೆನ್ನಿಗೆ ಆತು ಬಾಜೂಮನಿ ತಬಸ್ಸುಮ್
ಹಿಟ್ಟಿನ ಸಾಣಿಗಿ ಟೊಪ್ಪಿಗಿಯಂಗ ಹಾಕ್ಕೊಂಡು.
ಎರಿ ಬಿರಕ ಬಿಟ್ಟಿತ್ತು, ಕೈ ಇಳಿಸಿದ್ರ ಮೊಣಕೈ ತನಕ ತಂಪು.
ಸಿಕ್ಕದ್ದು: ಶಂಖದಹುಳದ ಚಿಪ್ಪು, ಬಳಿಚೂರು,
ಯಾರದೋ ಅಟ್ಟದ ಹೆಂಚಿನ ಮೂಲಿ.
"ಇಲ್ಲಿ ಮೀನು ಮನಿ ಕಟ್ಟಿದ್ವೇನು?" ಕೇಳಿದ ಪರಸ್ಯಾ.
ಹೂಂ ಅಂದೆ. ಅಷ್ಟ ಅಂದೆ.

ತುಳಿಯೂದು ನನಗ ಬರೂದಿಲ್ಲ, ಖರೇ ಹೇಳತೀನಿ.
ಕುಂಬಾರ ನೀಲವ್ವಗ ಫೋನ್ ಹಚ್ಚಿ
ಸ್ಪೀಕರ್ ಮ್ಯಾಲೆ ಇಟ್ಟೆ, ಪರಾತದ ಬಾಜೂಕ.
"ಹತ್ತಿ ಹಿಂಜಿ ಹಾಕ್ರಿ. ಇನ್ನೂ ಸಣ್ಣ.
ನೀರು ಕಡಿಮಿ, ರೊಟ್ಟಿ ಹಿಟ್ಟಿಗಿಂತ ಬಿರುಸು.
ಕಾಲು ಮೊದಲು ಮಾಡಬ್ಯಾಡ್ರೆವ್ವ,
ಹೊಟ್ಟಿ ಮಾಡ್ರಿ, ಹೊಟ್ಟಿ ಇದ್ರ ಕಾಲು ತಾನ ಬರತಾವು."
ಹಿಂದ ಯಾರೋ ಕೆಮ್ಮಿದರು, ಕುಕ್ಕರ್ ಕೂಗಿತು,
ಫೋನಿನ ಮ್ಯಾಲೆ ಐದು ಬಳ್ಳಿನ ಮಣ್ಣು.

ಸಾವಂತ್ರಿ ಎತ್ತಿಗೆ ಇಣಿ ಭಾರ ಆತು,
ಮುಗ್ಗರಿಸಿ ಮೂಗು ಚಪ್ಪಟಿ.
"ನೀರು ಕುಡ್ಯಾಕತ್ತೈತಿ" ಅಂದು ಹಂಗ ಬಿಟ್ಲು.
ನನ್ನ ಎತ್ತು ಬೆಕ್ಕಿನಂಗಿತ್ತು, ಯಾರೂ ಬಾಯಿಬಿಟ್ಟು ಅನಲಿಲ್ಲ.
ತಬಸ್ಸುಮ್ ಗ್ವಾದಲಿ ಮಾಡಿದ್ಲು,
ಬಡಿಗ್ಯಾರ ಮಗಳು, ನಾಕೂ ಮೂಲಿ ಗುಣ್ಯಾ ಹಚ್ಚಿದಂಗ,
ಒಳಗ ಕಣಕಿ ಬದಲಿ ಕಸಬರಗಿ ಕಡ್ಡಿ.

ಪರಸ್ಯಾ ಮಾತ್ರ ಗ್ವಾಡಿಗೆ ಮುಖ ಮಾಡಿ ಕುಂತಿದ್ದ.
ತಿರುಗಿದಾಗ ನೋಡಿದ್ರ
ಉದ್ದ ಕುತಗಿ, ತುದಿಗೆ ಹಲ್ಲಿನ ಬಾಯಿ.
"ಇದೇನೋ, ಆನಿ?"
"ಜೆಸಿಬಿ."
"ಎತ್ತಿನ ಹಬ್ಬಕ್ಕ ಜೆಸಿಬಿ?"
"ಶಿವೂ ಕಾಕಾನ ಹೊಲದಾಗ ಎತ್ತೆಲ್ಲೈತಿ, ಇದ ಐತಿ.
ಇದಕ್ಕೂ ಹಸಿವಿ ಆಗತೈತಿ."

ನಾನು ಅವನಷ್ಟಿದ್ದಾಗ
ನಮ್ಮ ಪಡಸಾಲಿ ಗ್ವಾಡಿ ತಿಂದದ್ದೂ
ಇಂಥಾದ್ದ ಒಂದು ಹಳದಿ ಬಾಯಿ.
ಅವ್ವ ಮಾಡದಾಗಿನ ಹಣತಿ ಸೆರಗಿನಾಗ ಕಟ್ಟಿಕೊಂಡು
ಲಾರಿ ಹತ್ತಿದ್ಲು. ನಾ ಮಾತ್ರ
ಆ ಬಂಡಿ ಮತ್ತೊಮ್ಮಿ ಕುತಗಿ ಎತ್ತಲಿ ಅಂತ
ಚಪ್ಪಾಳಿ ಹೊಡದಿದ್ದೆ.

ಹೇಳಲಿಲ್ಲ. ಜ್ವಾಳದ ಡಬ್ಬಿ ತಂದು ಇಟ್ಟೆ.
ಎತ್ತಿಗೆ ಎರಡೆರಡು ಕಣ್ಣು,
ಜೆಸಿಬಿಗೆ ಮುಂದ ಎರಡು, ಹಿಂದ ಎರಡು,
"ರಿವರ್ಸ್ ಬರಬೇಕಲ್ಲ?"

ಅಮಾಸಿ ದಿನ ಟಿವಿ ಸ್ಟ್ಯಾಂಡಿನ ಮ್ಯಾಲೆ
ಒಂದು ಬಾಗಿದ ಎತ್ತು, ಒಂದು ಬೆಕ್ಕಿನೆತ್ತು, ನಡುವ ಅದು.
ಅರಿಷಿಣ ಏರಿಸಿದಾಗ ಎತ್ತು ಎತ್ತಿನಂಗ ಇದ್ವು,
ಜೆಸಿಬಿಗೆ ಮಾತ್ರ ಬಣ್ಣ ಬರಾಬರಿ ಕೂಡಿತು.
ಹುಡುಗರು ಹೊಸೆದ ಕೋಡಬಳಿ, ಬಳ್ಳಿನುಂಗುರದಷ್ಟು,
ಕೋಡಿಗೊಂದು, ಗೇರಿಗೊಂದು.
ಹೋಳಿಗಿ ಚೂರು ಬಕೆಟಿನೊಳಗ ಇಟ್ಟು
"ಎತ್ತು, ಎತ್ತು" ಅಂತ ತಾನ ಗುರ್‍ರ್ ಅಂದ ಪರಸ್ಯಾ.
ತಬಸ್ಸುಮ್‌ಗ ಡಬ್ಬಿತುಂಬ ಕೊಟ್ಟೆ.
ಮರುದಿನ ಡಬ್ಬಿ ತಿರುಗಿ ಬಂತು, ಒಳಗ ಖರ್ಜೂರ.

ಹಬ್ಬ ಮುಗಿದ ಮ್ಯಾಲೆ ಮಾಳಿಗಿ ಮ್ಯಾಲೆ
ನೀರಿನ ಟಾಕಿ ಬುಡಕ್ಕ ಇಟ್ಟು ಮರತ್ವಿ.
ಟಾಕಿ ಸೋರತಿತ್ತು, ಮ್ಯಾಲೆ ಎರಡು ಮಳಿನೂ ಬಂತು.

ಇವತ್ತು ಅರಿವಿ ಒಣಗಹಾಕಾಕ ಹೋದಾಕಿ ಕೂಗಿದೆ.
ಎತ್ತು ಕರಗಿ ಬೆನ್ನಷ್ಟ ಉಳದಾವು,
ಹಲ್ಲಿನ ಬಾಯಿ ನೆಲಕ್ಕ ಕೂಡೇತಿ,
ಹೆಡ್‌ಲೈಟಿನ ಜಾಗಾದಾಗ
ಸೂಜಿಯಷ್ಟು ಹಸರು, ಎರಡು.

ಪರಸ್ಯಾ ಬಗ್ಗಿ ನೋಡಿದ, ಮುಟ್ಟಲಿಲ್ಲ.
"ಅವ್ವಾ, ಚಾಲೂ ಆತು" ಅಂದ.